ಚಿಕ್ಕ ಮಕ್ಕಳ ಜೊತೆ ಬೆಂಗಳೂರಿನ ಮೆಟ್ರೊ, ಬಿಎಂಟಿಸಿ ಬಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಕುಳಲ್ಲಿ ಕೂಸು, ಹೆಗಲಿಗೆ ಬ್ಯಾಗು, ಇನ್ನೊಂದು ಕೈಯಲ್ಲಿ ಫೋನು. ಹೀಗೆ ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹುಟ್ಟಿದ ಮಗುವಿನಿಂದ ಹಿಡಿದು ಆರೇಳು ವರ್ಷದ ಮಕ್ಕಳ ತನಕ ಅನ್ವಯಿಸುವ ಮಾತುಗಳಿವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಸ್ಸೋ ಮೆಟ್ರೊನೋ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೊರಡುತ್ತೀರಿ ಅನ್ನುವುದೇ ದೊಡ್ಡ ವಿಷಯ. ಮಿಕ್ಕಿದ್ದೆಲ್ಲ ಅದರ ನಂತರ.

ಮಗು ಜೊತೆಗಿದ್ದರೆ ಬಸ್ಸು ಒಳ್ಳೆಯದಾ, ಮೆಟ್ರೊ ಒಳ್ಳೆಯದಾ?

ದೂರ ಜಾಸ್ತಿ ಇದ್ದರೆ ಮೆಟ್ರೊ. ಎಷ್ಟು ಹೊತ್ತಿಗೆ ತಲುಪುತ್ತೀರಿ ಅಂತ ಮೊದಲೇ ಗೊತ್ತಿರುತ್ತದೆ, ಎಸಿ ಇರುತ್ತದೆ, ಕುಲುಕಾಟ ಕಡಿಮೆ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದ ತನಕ ನೇರಳೆ ಮಾರ್ಗ, ಮಾದಾವರದಿಂದ ರೇಷ್ಮೆ ಸಂಸ್ಥೆಯ ತನಕ ಹಸಿರು ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕ ಹಳದಿ ಮಾರ್ಗ ಓಡುತ್ತಿವೆ. ನಿಮ್ಮ ಮನೆ, ನೀವು ಹೋಗುವ ಜಾಗ ಎರಡೂ ಇವುಗಳ ಅಕ್ಕಪಕ್ಕ ಇದ್ದರೆ ಯೋಚನೆಯೇ ಬೇಡ.

ಆದರೆ ನಾಲ್ಕೈದು ಸ್ಟಾಪಿನ ದೂರಕ್ಕೆ ಬಸ್ಸೇ ಹಗುರ. ಮೆಟ್ರೊ ಅಂದರೆ ಮೆಟ್ಟಿಲು ಹತ್ತಿ, ಬ್ಯಾಗು ತಪಾಸಣೆ ಮಾಡಿಸಿ, ಗೇಟು ದಾಟಿ, ಮತ್ತೆ ಮೇಲೆ ಹೋಗಿ, ಇಳಿದ ಮೇಲೆ ಇದೆಲ್ಲ ಇನ್ನೊಂದು ಸಲ. ಮಗು ಎತ್ತಿಕೊಂಡು ಇಷ್ಟು ಮಾಡುವಷ್ಟರಲ್ಲಿ ಬಸ್ಸು ಮನೆ ಹತ್ತಿರ ಬಿಟ್ಟಿರುತ್ತದೆ.

ಸ್ಕೂಟರ್ ಬಗ್ಗೆಯೂ ಕೇಳುತ್ತಾರೆ. ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕೂರಿಸಬೇಕಾದರೆ ಮಗುವಿನ ಅಳತೆಯ ಹೆಲ್ಮೆಟ್ ಬೇಕು, ಸವಾರರಿಗೆ ಕಟ್ಟುವ ಸುರಕ್ಷತಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಈ ನಿಯಮ 2023ರಿಂದ ಜಾರಿಯಲ್ಲಿದೆ. ಅಪ್ಪ ಅಮ್ಮನ ನಡುವೆ ನಿದ್ದೆ ತೂಗುತ್ತಿರುವ ಮಗುವನ್ನು ಸಿಗ್ನಲ್‌ನಲ್ಲಿ ಕಂಡಾಗಲೆಲ್ಲ ನನಗೆ ಬಸ್ಸೇ ವಾಸಿ ಅನ್ನಿಸುತ್ತದೆ.

ಯಾವ ಹೊತ್ತಿಗೆ ಹೊರಡಬೇಕು?

ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು, ಈ ಎರಡು ಹೊತ್ತು ಬಿಟ್ಟುಬಿಡಿ. ಆಫೀಸಿಗೆ ಹೋಗುವವರ ಬ್ಯಾಕ್‌ಪ್ಯಾಕ್ ನಿಮ್ಮ ಎದೆ ಮಟ್ಟಕ್ಕಿದ್ದರೆ ಮಗುವಿನ ಮುಖದ ಮಟ್ಟಕ್ಕಿರುತ್ತದೆ. ನಿಂತ ಮಗುವಿಗೆ ಕಾಣುವುದು ಬರೀ ಕಾಲುಗಳು, ಬ್ಯಾಗುಗಳು. ಉಸಿರುಕಟ್ಟಿದ ಹಾಗಾಗಿ ಅಳುತ್ತದೆ. ಅದಕ್ಕೆ ಹಟಮಾರಿ ಅಂತ ಬೈಯುತ್ತೇವೆ, ಪಾಪ.

ಹನ್ನೊಂದರಿಂದ ನಾಲ್ಕರ ನಡುವೆ ಹೋಗಿ ನೋಡಿ. ಅದೇ ರೈಲು, ಅದೇ ಬಸ್ಸು, ಬೇರೆಯೇ ಅನುಭವ. ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ಹನ್ನೊಂದೂವರೆ ಮೇಲೆ ಕೊಡಿ’ ಅಂತ ಕೇಳಿ. ನೆಂಟರ ಮನೆಯ ಊಟಕ್ಕೆ ಹೊರಟಿದ್ದರೆ ವಾಪಸ್ ಬರುವ ಹೊತ್ತನ್ನೂ ಮೊದಲೇ ಲೆಕ್ಕ ಹಾಕಿ. ನಾಲ್ಕು ಗಂಟೆಗೆ ಏಳದಿದ್ದರೆ ಆಮೇಲೆ ಎಂಟು ಗಂಟೆಗೇ ಏಳುವುದು ಮೇಲು, ನಡುವೆ ಬೇಡ. ಭಾನುವಾರ ರೈಲು ಶುರುವಾಗುವುದೇ ಬೆಳಗ್ಗೆ ಏಳಕ್ಕೆ. ಊರಿಗೆ ಹೋಗುವ ಮುಂಜಾನೆ ರೈಲು ಹಿಡಿಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಮಗುವಿನ ನಿದ್ದೆ, ಊಟದ ಹೊತ್ತನ್ನೂ ಇದಕ್ಕೆ ಜೋಡಿಸಿ. ಹೊಟ್ಟೆ ತುಂಬಿ ಅರ್ಧ ಗಂಟೆ ಆದ ಮಗು ಒಳ್ಳೆಯ ಪ್ರಯಾಣಿಕ.

ಮಕ್ಕಳಿಗೆ ಟಿಕೆಟ್ ತೆಗೆದುಕೊಳ್ಳಬೇಕಾ?

ಮೆಟ್ರೊದಲ್ಲಿ ಲೆಕ್ಕ ವಯಸ್ಸಿನದಲ್ಲ, ಎತ್ತರದ್ದು. ಮೂರು ಅಡಿಗಿಂತ ಕಡಿಮೆ ಇರುವ ಮಗುವಿಗೆ ದೊಡ್ಡವರ ಜೊತೆ ಫ್ರೀ. ಅದಕ್ಕಿಂತ ಎತ್ತರ ಇದ್ದರೆ ಪೂರ್ತಿ ಟಿಕೆಟ್. ಅರ್ಧ ಟಿಕೆಟ್ ಅನ್ನುವುದು ಮೆಟ್ರೊದಲ್ಲಿ ಇಲ್ಲವೇ ಇಲ್ಲ. ಬಹಳಷ್ಟು ಮಕ್ಕಳು ಮೂರು ವರ್ಷ ತುಂಬುವ ಹೊತ್ತಿಗೆ ಮೂರಡಿ ದಾಟುತ್ತಾರೆ. ಹಾಗಾಗಿ ಎಲ್‌ಕೆಜಿ ಮಗುವಿಗೂ ದೊಡ್ಡವರಷ್ಟೇ ದುಡ್ಡು. ಇದು ನನಗೆ ಸರಿ ಕಾಣುವುದಿಲ್ಲ. ನಾಲ್ಕು ಜನರ ಮನೆಯವರು ಲೆಕ್ಕ ಹಾಕಿ ಆಟೊ ಹತ್ತುವುದು ಇದೇ ಕಾರಣಕ್ಕೆ. ಬಸ್ಸಿನಲ್ಲಿರುವ ಅರ್ಧ ಟಿಕೆಟ್ ಮೆಟ್ರೊಗೂ ಬರಬೇಕು.

ಬಿಎಂಟಿಸಿ ಬಸ್ಸಿನಲ್ಲಿ ಆರು ವರ್ಷದೊಳಗೆ ಟಿಕೆಟ್ ಬೇಡ, ಆರರಿಂದ ಹನ್ನೆರಡರ ತನಕ ಅರ್ಧ. ಮಗು ವಯಸ್ಸಿಗಿಂತ ಎತ್ತರ ಕಾಣುತ್ತಿದ್ದರೆ ಆಧಾರ್ ಕಾರ್ಡಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ, ಮಾತಿಗೆ ಮಾತು ಬೆಳೆಯುವುದಿಲ್ಲ.

ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೂ ಸಿಗುತ್ತದಾ?

ಸಿಗುತ್ತದೆ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಉಚಿತ. ಎಸಿ ಬಸ್ಸುಗಳಾದ ವಜ್ರ, ವಾಯುವಜ್ರಕ್ಕೆ ಇದು ಇಲ್ಲ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್ಟನ್ನು ಇಳಿಯುವ ತನಕ ಜೋಪಾನ ಮಾಡಿ. ಮಗುವಿನ ಕೈಗೆ ಕೊಟ್ಟರೆ ಬಾಯಿಗೆ ಹೋಗುತ್ತದೆ. ಅಮ್ಮ ಫ್ರೀ, ಏಳು ವರ್ಷದ ಅಕ್ಕನೂ ಫ್ರೀ. ಅವಳ ಜೊತೆಗೆ ಬಂದ ಎಂಟು ವರ್ಷದ ಅಣ್ಣನಿಗೆ ಮಾತ್ರ ಅರ್ಧ ಟಿಕೆಟ್.

ಮೆಟ್ರೊ ಗೇಟಿನಲ್ಲಿ ಮಗುವನ್ನು ಹೇಗೆ ದಾಟಿಸುವುದು?

ಟಿಕೆಟ್ ಇಲ್ಲದ ಪುಟ್ಟ ಮಗುವನ್ನು ಎತ್ತಿಕೊಂಡೇ ದಾಟಿ. ನಡೆಸಿಕೊಂಡು ಹೋದರೆ ನೀವು ಮುಂದಾಗಿ ಮಗು ಹಿಂದೆ ಉಳಿಯಬಹುದು. ಗೇಟಿನ ರೆಕ್ಕೆ ಮುಚ್ಚಿಕೊಳ್ಳುವುದು ಸರಿಯಾಗಿ ಮಗುವಿನ ಮುಖದ ಮಟ್ಟಕ್ಕೆ.

ಟಿಕೆಟ್ ಇರುವ ಮಗುವಾದರೆ ಅದನ್ನೇ ಮೊದಲು ಬಿಡಿ, ಹಿಂದೆಯೇ ನೀವು. ಇಬ್ಬರು ದೊಡ್ಡವರಿದ್ದರೆ ಒಬ್ಬರು ಆಚೆ ಹೋಗಿ ನಿಂತುಕೊಳ್ಳಲಿ. ಒಂದೇ ಸ್ಮಾರ್ಟ್ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ಮನೆಮಂದಿಯೆಲ್ಲ ಹೊರಟಿದ್ದರೆ ಮೊಬೈಲ್ ಕ್ಯೂಆರ್ ಟಿಕೆಟ್ ಸಲೀಸು, ಒಂದೇ ಕ್ಯೂಆರ್‌ನಲ್ಲಿ ಆರು ಜನರ ತನಕ ಹೋಗಬಹುದು. ದಿನಾ ಓಡಾಡುವವರಿಗೆ ಕಾರ್ಡೇ ಲಾಭ, 5 ಪರ್ಸೆಂಟ್ ರಿಯಾಯಿತಿ ಇದೆ.

ಕಾರ್ಡನ್ನು ಮಗುವಿನ ಕೈಯಲ್ಲೇ ತಾಗಿಸಲು ಬಿಡಿ. ರಶ್ ಇಲ್ಲದ ಹೊತ್ತಿನಲ್ಲಿ ಅದರಿಂದ ಯಾರಿಗೂ ತೊಂದರೆ ಇಲ್ಲ. ಟುಂಯ್ ಅಂತ ಸದ್ದು ಬಂದು ಗೇಟು ತೆರೆದಾಗ ಮಗುವಿನ ಮುಖ ನೋಡಬೇಕು. ಮುಂದಿನ ಸಲ ‘ಮೆಟ್ರೊಗೆ ಹೋಗೋಣ’ ಅಂದರೆ ತಾನೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತದೆ.

ಸ್ಟ್ರಾಲರ್ ತರಬಹುದಾ?

ಮೆಟ್ರೊಗೆ ತರಬಹುದು. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಗಾಲಿಕುರ್ಚಿ ಹೋಗುವಂಥ ಅಗಲ ಗೇಟೂ ಇದೆ. ಎಸ್ಕಲೇಟರ್ ಮೇಲೆ ಮಾತ್ರ ಸ್ಟ್ರಾಲರ್ ಯಾವತ್ತೂ ಬೇಡ. ರೈಲಿನಲ್ಲಿ ಚಕ್ರದ ಬ್ರೇಕ್ ಹಾಕಿ, ಒಂದು ಕೈ ಅದರ ಮೇಲೇ ಇರಲಿ.

ಆದರೆ ನಿಜವಾದ ಕಷ್ಟ ನಿಲ್ದಾಣದ ಒಳಗಲ್ಲ, ಹೊರಗೆ. ನಮ್ಮ ಫುಟ್‌ಪಾತ್ ಗೊತ್ತಲ್ಲ. ಹತ್ತು ಹೆಜ್ಜೆಗೊಂದು ಎತ್ತರದ ಅಂಚು, ನಡುವೆ ಟ್ರಾನ್ಸ್‌ಫಾರ್ಮರ್, ಆಮೇಲೆ ಬೈಕು. ಸ್ಟ್ರಾಲರನ್ನು ತಳ್ಳುವುದಕ್ಕಿಂತ ಎತ್ತುವುದೇ ಜಾಸ್ತಿ ಆಗುತ್ತದೆ. ಬಸ್ಸಿಗಂತೂ ಬೇಡವೇ ಬೇಡ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಈ ಊರಿಗೆ ಸರಿ. ಎರಡೂ ಕೈ ಖಾಲಿ ಇರುತ್ತವೆ, ಕಂಬಿ ಹಿಡಿಯಬಹುದು, ಚಿಲ್ಲರೆ ತೆಗೆಯಬಹುದು. ಹಳೇ ಕಾಟನ್ ಸೀರೆಯಲ್ಲಿ ಬಿಗಿಯಾಗಿ ಕಟ್ಟಲು ಬರುವವರು ಅದನ್ನೇ ಮಾಡಲಿ, ಆದರೆ ಮಗುವಿನ ಮೂಗು ಬಾಯಿ ಬಟ್ಟೆಯಿಂದ ಹೊರಗಿರಬೇಕು.

ಪ್ಲಾಟ್‌ಫಾರಂನಲ್ಲಿ ಏನು ಎಚ್ಚರ ವಹಿಸಬೇಕು?

ನೇರಳೆ, ಹಸಿರು ಮಾರ್ಗಗಳ ಪ್ಲಾಟ್‌ಫಾರಂ ಅಂಚಿನಲ್ಲಿ ಗಾಜಿನ ಬಾಗಿಲುಗಳಿಲ್ಲ. ಹಳದಿ ಪಟ್ಟಿಯ ಆಚೆ ನೇರ ಹಳಿ. ಹಳಿ ಪಕ್ಕದ ಮೂರನೇ ಕಂಬಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ.

2024ರ ಆಗಸ್ಟ್‌ನಲ್ಲಿ ಬೈಯಪ್ಪನಹಳ್ಳಿ ನಿಲ್ದಾಣದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಹಳಿಗೆ ಬಿದ್ದುಬಿಟ್ಟ. ಸಿಬ್ಬಂದಿ ಕೂಡಲೇ ತುರ್ತು ಸ್ವಿಚ್ ಒತ್ತಿ ವಿದ್ಯುತ್ ನಿಲ್ಲಿಸಿದರು, ಮಗು ಉಳಿಯಿತು. ಇದರಲ್ಲಿ ನಮಗೆ ತಿಳಿಯಬೇಕಾದದ್ದು ಎರಡು. ಒಂದು, ಮಗುವಾಗಲಿ, ಫೋನಾಗಲಿ, ಚೆಂಡಾಗಲಿ ಕೆಳಗೆ ಬಿದ್ದರೆ ನೀವು ಹಾರಬೇಡಿ. ಜೋರಾಗಿ ಕೂಗಿ, ಗಾರ್ಡ್‌ಗೆ ಹೇಳಿ, ಮೊದಲು ಕರೆಂಟು ನಿಲ್ಲಲಿ. ಎರಡು, ಹಾಗೆ ಆಗದಂತೆ ನೋಡಿಕೊಳ್ಳುವುದು ಬಹಳ ಸುಲಭ. ರೈಲು ಬಂದು ನಿಲ್ಲುವ ತನಕ ಗೋಡೆ ಕಡೆಯ ಬೆಂಚಿನ ಹತ್ತಿರ ಇರಿ. ಮಗುವಿನ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಬೆವರಿದ ಬೆರಳು ಜಾರಿಹೋಗುತ್ತದೆ.

ಎಸ್ಕಲೇಟರಿನಲ್ಲಿ ಮಗು ನಡುವೆ ನಿಲ್ಲಲಿ, ಅಂಚಿಗೆ ಪಾದ ತಾಗಬಾರದು. ರಬ್ಬರಿನ ಮೆತ್ತನೆ ಚಪ್ಪಲಿ ಅಂಚಿನ ಸಂದಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಬ್ಬದ ದಿನ ಉದ್ದ ಲಂಗ ಹಾಕಿದ್ದರೆ ಎತ್ತಿ ಕಟ್ಟಿ, ಇಲ್ಲವೇ ಲಿಫ್ಟ್ ಹಿಡಿಯಿರಿ.

ಮಗು ರೈಲಿನಲ್ಲಿ, ನಾವು ಹೊರಗೆ ಉಳಿದರೆ?

ಎಲ್ಲರ ಮನಸ್ಸಿನಲ್ಲೂ ಇರುವ ಭಯ ಇದು. ಮನೆಯಲ್ಲೇ ಕೂತು ಮಗುವಿಗೆ ಎರಡು ಮಾತು ಕಲಿಸಿ. ‘ನೀನು ರೈಲಿನಲ್ಲಿ ಹೋಗಿಬಿಟ್ಟರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲು, ಅಮ್ಮ ಬರುತ್ತಾಳೆ.’ ‘ನೀನು ಕೆಳಗೆ ಉಳಿದರೆ ಇದ್ದಲ್ಲೇ ಇರು, ಅಮ್ಮ ವಾಪಸ್ ಬರುತ್ತಾಳೆ.’ ಎರಡರಲ್ಲೂ ಹುಡುಕಿಕೊಂಡು ಬರುವುದು ಅಮ್ಮ, ಮಗುವಲ್ಲ. ಸೋಫಾನೇ ರೈಲು ಮಾಡಿಕೊಂಡು ಆಟ ಆಡಿಸಿ. ನಾಲ್ಕು ವರ್ಷದ ಮಗುವಿಗೆ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ನೀವು ಹೊರಗೆ ಉಳಿದರೆ ಪ್ಲಾಟ್‌ಫಾರಂನಲ್ಲಿರುವ ಸಿಬ್ಬಂದಿಗೆ ತಕ್ಷಣ ಹೇಳಿ. ಯಾವ ಕಡೆಗೆ ಹೋದ ರೈಲು, ಮುಂದಿನಿಂದ ಎಷ್ಟನೇ ಬೋಗಿ, ಮಗುವಿನ ಅಂಗಿ ಯಾವ ಬಣ್ಣ. ಇಷ್ಟು ಸಾಕು, ಅವರು ಮುಂದಿನ ನಿಲ್ದಾಣಕ್ಕೆ ತಿಳಿಸುತ್ತಾರೆ. ನೀವು ಒಳಗಿದ್ದು ಮಗು ಹೊರಗೆ ಉಳಿದರೆ ಬಾಗಿಲ ಹತ್ತಿರವಿರುವ ತುರ್ತು ಗುಂಡಿ ಒತ್ತಿದರೆ ಚಾಲಕರ ಜೊತೆ ಮಾತಾಡಬಹುದು. ಸಂಕೋಚ ಬೇಡ, ಅದು ಇರುವುದೇ ಇದಕ್ಕೆ.

ಹೊರಡುವ ಮುಂಚೆ ಮಗುವಿನ ಫೋಟೊ ತೆಗೆಯಿರಿ. ಆ ದಿನದ ಬಟ್ಟೆ, ಚಪ್ಪಲಿ ಕಾಣುವ ಹಾಗೆ. ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ, ಮಗುವಿನ ಹೆಸರನ್ನು ಮಾತ್ರ ಹೊರಗೆ ಕಾಣುವ ಹಾಗೆ ಬರೆಯಬೇಡಿ. ‘ನಿಮ್ಮಮ್ಮನ ಹೆಸರೇನು’ ಅಂದರೆ ‘ಅಮ್ಮ’ ಅನ್ನುವ ಮಕ್ಕಳೇ ಜಾಸ್ತಿ. ನಿಮ್ಮ ಪೂರ್ತಿ ಹೆಸರು ಕಲಿಸಿ. ಮಕ್ಕಳ ಸಹಾಯವಾಣಿ 1098, ಪೊಲೀಸರಿಗೆ 112.

ಬಸ್ಸು ಹತ್ತುವಾಗ, ಇಳಿಯುವಾಗ ಯಾರು ಮುಂದೆ?

ಹತ್ತುವಾಗ ಮಗು ಮುಂದೆ, ನೀವು ಹಿಂದೆ. ಇಳಿಯುವಾಗ ನೀವು ಮುಂದೆ, ಮಗು ಹಿಂದೆ. ಎರಡು ಸಲವೂ ಬೀಳುವ ಕಡೆಗೆ ನೀವಿರಬೇಕು, ಅಷ್ಟೇ ಲೆಕ್ಕ.

ಸ್ಟಾಪು ಬರುವ ಮುಂಚೆ ಏಳಲು ಹೋಗಬೇಡಿ. ಓಡುವ ಬಸ್ಸಿನಲ್ಲಿ ಮಗು ಎತ್ತಿಕೊಂಡು ಬಾಗಿಲಿಗೆ ನಡೆಯುವಾಗಲೇ ಬ್ರೇಕ್ ಬೀಳುವುದು. ಕೂತಲ್ಲಿಂದಲೇ ‘ಕಂಡಕ್ಟರ್ ಸಾರ್, ಮಗು ಇದೆ, ಇಳೀಬೇಕು, ಸ್ವಲ್ಪ ನಿಲ್ಸಿ’ ಅಂತ ಗಟ್ಟಿಯಾಗಿ ಹೇಳಿ. ಮಗು ಅನ್ನುವ ಮಾತು ಕಿವಿಗೆ ಬಿದ್ದರೆ ‘ಹೋಲ್ಡಾನ್’ ಅನ್ನುತ್ತಾರೆ, ‘ರೈಟ್’ ಅನ್ನಲು ಆತುರ ಮಾಡುವುದಿಲ್ಲ. ಪಕ್ಕದಲ್ಲಿ ಕೂತ ಅಜ್ಜಿಯೂ ನಿಮ್ಮ ಪರವಾಗಿ ಕೂಗುತ್ತಾರೆ. ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಡಿ, ಬಸ್ಸು ಹೋಗಲಿ. ಎಡಗಡೆಯಿಂದ ನುಗ್ಗುವ ಬೈಕುಗಳ ಮೇಲೂ ಕಣ್ಣಿರಲಿ, ಕೆಳಗಿಳಿಯುವ ಮುಂಚೆ ಒಮ್ಮೆ ಇಣುಕಿ ನೋಡಿ.

ಬಸ್ಸು ಎಲ್ಲಿದೆ ಅಂತ ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ನೋಡಬಹುದು. ಬಿಸಿಲಲ್ಲಿ ಮಗು ಹಿಡಿದು ಕಾಯುವ ಬದಲು ಮರದ ನೆರಳಲ್ಲಿ ನಿಂತು ನೋಡುತ್ತಿರಿ.

ಸೀಟು ಕೇಳಲು ಮುಜುಗರ ಆಗುತ್ತದೆ. ಏನು ಮಾಡಲಿ?

ಕೇಳಿ. ದಯವಿಟ್ಟು ಕೇಳಿ. ಜನ ಕೆಟ್ಟವರಲ್ಲ, ಫೋನಿನಲ್ಲಿ ಮುಳುಗಿರುತ್ತಾರೆ. ಸುಮ್ನೆ ನಿಂತು ಯಾರಾದರೂ ನೋಡಲಿ ಅಂತ ಕಾಯುವುದರಿಂದ ಏನೂ ಆಗುವುದಿಲ್ಲ. ಇಡೀ ಬೋಗಿಗೆ ಕೇಳಬೇಡಿ, ಒಬ್ಬರನ್ನು ನೋಡಿ ಕೇಳಿ: ‘ಅಣ್ಣ, ಮಗು ಇದೆ, ಸ್ವಲ್ಪ ಸೀಟು ಕೊಡ್ತೀರಾ?’ ಅಣ್ಣ ಅಂದ ಮೇಲೆ ಕೂತಿರುವವರು ಅಪರೂಪ. ಮೆಟ್ರೊದ ಪ್ರತಿ ಬೋಗಿಯಲ್ಲೂ ವಯಸ್ಸಾದವರು, ಗರ್ಭಿಣಿಯರು, ಅಂಗವಿಕಲರು, ಎಳೆ ಮಗುವಿನ ತಾಯಂದಿರಿಗೆ ಮೀಸಲು ಸೀಟುಗಳಿವೆ. ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರವು. ನಿಮಗಿರುವ ಹಕ್ಕನ್ನೇ ಕೇಳುತ್ತಿದ್ದೀರಿ.

ಸೀಟು ಸಿಕ್ಕ ಮೇಲೆ ನಾಲ್ಕು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಿ, ಇನ್ನೊಬ್ಬರಿಗೂ ಜಾಗ ಆಗುತ್ತದೆ. ಕಿಟಕಿ ನೋಡಲು ಸೀಟಿನ ಮೇಲೆ ಮಂಡಿಯೂರುವ ಮಗುವಿನ ಶೂ ಬಿಚ್ಚಿಸಿ.

ಅಪ್ಪ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವಾಗ?

ಮೆಟ್ರೊದ ಮೊದಲ ಬೋಗಿ ಹೆಂಗಸರಿಗೆ ಮೀಸಲು, ಅಪ್ಪಂದಿರು ಹೆಣ್ಣುಮಗು ಜೊತೆಗಿದ್ದರೂ ಬೇರೆ ಬೋಗಿಗೇ ಹೋಗಬೇಕು. ಅಮ್ಮನ ಜೊತೆ ಪುಟ್ಟ ಗಂಡುಮಗು ಅಲ್ಲಿ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಬಸ್ಸಿನಲ್ಲಿ ಹೆಗಲ ಮೇಲೆ ಮಗು ಮಲಗಿಸಿಕೊಂಡು ನಿಂತ ಅಪ್ಪನಿಗೆ ಸೀಟು ಬಿಡುವವರು ಕಡಿಮೆ. ಮಗು ಎತ್ತಿಕೊಂಡವರು ಯಾರಾದರೇನು, ಕೈ ಸೋಲುವುದು ಒಂದೇ ಅಲ್ವಾ? ಇಂಥವರನ್ನು ಕಂಡರೆ ದಯವಿಟ್ಟು ಏಳಿ.

ದಾರಿಯಲ್ಲಿ ಹಾಲು, ಊಟ?

ಮೆಟ್ರೊ ರೈಲಿನಲ್ಲಿ ತಿನ್ನುವಂತಿಲ್ಲ, ದಂಡ ಹಾಕುತ್ತಾರೆ. ಹೊರಡುವ ಮುಂಚೆ ತಿನ್ನಿಸಿ, ಇಲ್ಲವೇ ಇಳಿದು ನಿಲ್ದಾಣದ ಹೊರಗೆ ಬಂದು ತಿನ್ನಿಸಿ. ಎದೆಹಾಲು ಕುಡಿಯುವ ಮಗುವಿಗೆ ಹಸಿವಾದರೆ ಎಲ್ಲೇ ಇರಲಿ ಕುಡಿಸಿ, ಯಾರ ಅಪ್ಪಣೆಯೂ ಬೇಡ. ಸೆರಗು, ದುಪಟ್ಟಾ ನಿಮ್ಮ ನೆಮ್ಮದಿಗೆ ಬೇಕಿದ್ದರೆ ಇರಲಿ. ಹೆಂಗಸರ ಬೋಗಿಯ ಮೂಲೆ ಸೀಟು ಇದಕ್ಕೆ ಅನುಕೂಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹಾಲುಣಿಸಲು ಪ್ರತ್ಯೇಕ ಕೊಠಡಿ ಇದೆ.

ಬಸ್ಸಿಗೆ ಬಾಳೆಹಣ್ಣು, ಒಣ ಅವಲಕ್ಕಿ ಸಾಕು. ಕಡಲೆಬೀಜ, ಗಟ್ಟಿ ಮಿಠಾಯಿ ಬೇಡ. ಹಂಪ್ ಹಾರಿದಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

‘ಅಮ್ಮಾ ಸುಸ್ಸು’ ಅಂದರೆ?

ಮೆಟ್ರೊ ರೈಲಿನಲ್ಲಿ ಟಾಯ್ಲೆಟ್ ಇಲ್ಲ, ನಿಲ್ದಾಣದಲ್ಲಿ ಇರುತ್ತದೆ. ಮುಂದಿನ ನಿಲ್ದಾಣದಲ್ಲಿ ಇಳಿದು, ಕೆಲಸ ಮುಗಿಸಿ, ಹಿಂದೆ ಬರುವ ರೈಲು ಹಿಡಿಯಿರಿ. ಬಸ್ಸಿನಲ್ಲಿ ಕಷ್ಟ. ಟ್ರಾಫಿಕ್ ಇರುವ ದಾರಿಯಾದರೆ ಡೈಪರ್ ಬಿಟ್ಟ ಮಗುವಿಗೂ ಆ ಒಂದು ದಿನಕ್ಕೆ ಹಾಕಿ, ತಪ್ಪಿಲ್ಲ. ಡೈಪರ್ ಬದಲಿಸಲು ಹಾಸುವ ಒಂದು ಶೀಟು, ಮುಚ್ಚಿಡಲು ಎರಡು ಕವರ್ ಬ್ಯಾಗಿನಲ್ಲಿರಲಿ. ಬಳಸಿದ ಡೈಪರನ್ನು ಬಸ್ ಸ್ಟಾಪಿನಲ್ಲಿ ಬಿಟ್ಟುಹೋಗಬೇಡಿ. ಅದನ್ನು ಬರಿಗೈಯಲ್ಲಿ ಎತ್ತುವವರು ನಮ್ಮ ಪೌರಕಾರ್ಮಿಕರು.

ಬಸ್ಸಿನಲ್ಲಿ ವಾಂತಿ ಮಾಡುವ ಮಗು?

ಹಿಂದಿನ ಸೀಟು, ಚಕ್ರದ ಮೇಲಿನ ಸೀಟು ಬೇಡ. ಮುಂದೆ, ಕಿಟಕಿ ಪಕ್ಕ ಕೂರಿಸಿ. ಫೋನ್ ಕೊಡಬೇಡಿ, ದೂರದ್ದನ್ನು ನೋಡಲಿ. ಹೊಟ್ಟೆ ಪೂರ್ತಿ ತುಂಬಿರಬಾರದು, ಖಾಲಿಯೂ ಇರಬಾರದು. ಅರ್ಧ ಇಡ್ಲಿ ಸರಿ. ಎಸಿ ಬಸ್ಸಿನಲ್ಲಿ ಕಿಟಕಿ ತೆರೆಯುವುದಿಲ್ಲವಾದ್ದರಿಂದ ಇಂಥ ಮಕ್ಕಳಿಗೆ ಸಾಮಾನ್ಯ ಬಸ್ಸೇ ಮೇಲು.

ಮಗು ಅಳಲು ಶುರು ಮಾಡಿದರೆ ಎಲ್ಲರೂ ನೋಡುತ್ತಾರೆ.

ನೋಡಲಿ ಬಿಡಿ. ಅವರಲ್ಲಿ ಅರ್ಧ ಜನ ತಮ್ಮ ಮಕ್ಕಳನ್ನು ನೆನೆಸಿಕೊಳ್ಳುತ್ತಿರುತ್ತಾರೆ. ಎದ್ದು ಬಾಗಿಲ ಗಾಜಿನ ಹತ್ತಿರ ಹೋಗಿ ಹೊರಗೆ ತೋರಿಸಿ. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ ಬಿಟ್ಟ ಮೇಲೆ ರೈಲು ನೆಲದೊಳಗೆ ಇಳಿದು ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋಗುತ್ತದೆ. ಬೆಳಕಿದ್ದದ್ದು ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ. ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ ದಾಟಿ ನ್ಯಾಷನಲ್ ಕಾಲೇಜು ಬರುವಾಗ ಕತ್ತಲಿಂದ ಬೆಳಕು. ‘ಈಗ ನೋಡು, ಈಗ ನೋಡು’ ಅಂದರೆ ಅಳುವ ಮಗುವೂ ಕಣ್ಣರಳಿಸುತ್ತದೆ. ‘ಮುಂದಿನ ನಿಲ್ದಾಣ’ ಅನ್ನುವ ಘೋಷಣೆಯನ್ನು ಅದರ ಜೊತೆ ನೀವೂ ಹೇಳಿ. ಏನೂ ನಡೆಯದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ಕೂರಿ.

ಮೊದಲ ಸಲ ಎಲ್ಲಿಗೆ ಹೋಗುವುದು?

ಕಬ್ಬನ್ ಪಾರ್ಕ್. ನಿಲ್ದಾಣದಿಂದ ಹೊರಬಂದರೆ ಮರಗಳೇ. ಭಾನುವಾರ ಪಾರ್ಕಿನ ಒಳಗೆ ವಾಹನ ಬಿಡುವುದಿಲ್ಲ, ಮಕ್ಕಳು ಓಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೂ ಪಕ್ಕದಲ್ಲೇ. ಆಮೇಲೆ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಮಾತ್ರ ಎಳೆ ಮಗುವಿನ ಜೊತೆ ರಜಾದಿನ ಬೇಡ, ವಾರದ ನಡುವೆ ಬೆಳಗ್ಗೆ ಬೇಗ ಹೋಗಿ. ಬನ್ನೇರುಘಟ್ಟಕ್ಕೆ ಮೆಜೆಸ್ಟಿಕ್‌ನಿಂದ 365 ನಂಬರ್ ಬಸ್ಸಿದೆ, ಆದರೆ ದಾರಿ ಉದ್ದ. ನಾಲ್ಕು ವರ್ಷ ದಾಟಿದ ಮೇಲೆ ನೋಡಿ.

ಏರ್‌ಪೋರ್ಟಿಗೆ ವಾಯುವಜ್ರದಲ್ಲಿ ಹೋಗಬಹುದಾ?

ಧಾರಾಳವಾಗಿ. ಲಗೇಜ್ ಇಡಲು ಜಾಗ ಇದೆ. ಮೆಜೆಸ್ಟಿಕ್‌ನಿಂದ ಕೆಐಎ-9. ಒಳಗೆ ಟಾಯ್ಲೆಟ್ ಇಲ್ಲ, ಎಸಿ ಚಳಿ ಜಾಸ್ತಿ. ಮಗುವಿಗೆ ಟೋಪಿ, ಸಾಕ್ಸ್ ಹಾಕಿ.

ಅಜ್ಜಿ, ತಾತನ ಜೊತೆ ಕಳಿಸಬಹುದಾ?

ಒಂದು ಮಗುವಾದರೆ, ರಶ್ ಇಲ್ಲದ ಹೊತ್ತಾದರೆ ಕಳಿಸಿ. ಊರಿಂದ ಬಂದವರಿಗೆ ಗೇಟು, ಎಸ್ಕಲೇಟರ್ ಹೊಸದು. ಮೊದಲು ಮಗು ಇಲ್ಲದೆ ಅವರನ್ನು ಕರೆದುಕೊಂಡು ಹೋಗಿ ತೋರಿಸಿ. ಎಸ್ಕಲೇಟರ್ ಅಂದರೆ ಅಳುಕಿದ್ದರೆ ಲಿಫ್ಟ್ ಎಲ್ಲಿದೆ ಅಂತ ಹೇಳಿಕೊಡಿ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವ ಪ್ರಯಾಣಕ್ಕೆ ಸದ್ಯಕ್ಕೆ ಕಳಿಸಬೇಡಿ, ಅಲ್ಲಿನ ನೂಕುನುಗ್ಗಲಿನಲ್ಲಿ ದಾರಿ ಹುಡುಕುತ್ತಾ ಮಗುವನ್ನೂ ಹಿಡಿದುಕೊಳ್ಳುವುದು ಅವರಿಗೆ ಕಷ್ಟ. ಒಂದೇ ಮಾರ್ಗದಲ್ಲಿ ಹತ್ತಿ ಇಳಿಯುವ ಹಾಗಿರಲಿ. ಇಳಿಯುವ ನಿಲ್ದಾಣದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ತಾತನ ಜೇಬಿಗೆ ಹಾಕಿ, ಗೇಟಿನ ಆಚೆ ಕರೆದುಕೊಳ್ಳಲು ನೀವೇ ಹೋಗಿ ನಿಂತಿರಿ.